ಕಾಲಿಗೆ ಮೆತ್ತೆ, ಬೂಟಿಗೆ ಗಾಳಿ

ಬೀಜ, ಗೊಬ್ಬರ, ಔಷಧಿಯ ಮಾತಾಡುವ ಈ ಮನುಷ್ಯ ಇವತ್ತು ಬೂಟಿನ ಮಾತು ತೆಗೆದನಲ್ಲ ಅಂತ ನಗಬೇಡಿ. ಎತ್ತಿಗೆ ಲಾಳ ಕಟ್ಟಿಸುವಾಗ ನಾವು ಎಷ್ಟು ಎಚ್ಚರ ವಹಿಸುತ್ತೇವೆ! ಮೊಳೆ ಜೀವಕ್ಕೆ ತಾಗಿದರೆ ಎತ್ತು ಕುಂಟುತ್ತದೆ, ಬೇಸಾಯ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಎತ್ತಿನ ಹಿಂದೆ ನಡೆಯುವ ನಮ್ಮ ಕಾಲಿಗೆ ಏನು ಹಾಕಿದ್ದೇವೆ, ಅದರ ಒಳಗೆ ಏನಿದೆ ಅಂತ ಎಷ್ಟು ಜನ ನೋಡುತ್ತೇವೆ?

ಈಗ ಹಳ್ಳಿಗೆ ಬೂಟು ಹೊಸದಲ್ಲ. ಅಡಿಕೆ ತೋಟ, ಕಾಫಿ ತೋಟಗಳಲ್ಲಿ ಹಾವು, ಮುಳ್ಳಿನ ಭಯಕ್ಕೆ ರಬ್ಬರಿನ ಗಂಬೂಟು ಹಾಕುತ್ತೇವೆ. ಸಂತೆಗೆ, ಊರಿಗೆ ಹೋಗುವಾಗ ಕ್ಯಾನ್ವಾಸ್ ಬೂಟು ಹಾಕುತ್ತೇವೆ. ಹಾಕುವುದು ಒಳ್ಳೆಯದೇ. ಆದರೆ ಸಂಜೆ ಬೂಟು ಬಿಚ್ಚಿದಾಗ ಹಿಮ್ಮಡಿ ನೋವು, ಬೆರಳ ಸಂದಿಯಲ್ಲಿ ನವೆ, ಕಾಲೆಲ್ಲ ನೀರಲ್ಲಿ ನೆನೆದ ಹಾಗೆ ಬಿಳಿಚಿ ಸುಕ್ಕು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಇದಕ್ಕೆ ಬೂಟನ್ನೇ ಬೈದು ಮೂಲೆಗೆ ಎಸೆಯುವವರು ಬಹಳ. ತಪ್ಪು ಹೆಚ್ಚಾಗಿ ಬೂಟಿನದಲ್ಲ, ಅದರೊಳಗೆ ಅಂಗಾಲು ಊರುವ ಜಾಗದಲ್ಲಿ ಹಾಸಿರುವ ತೆಳ್ಳನೆಯ ಹಾಳೆಯದು. ಅಂಗಡಿಯವರು ಇದಕ್ಕೆ ಇನ್‌ಸೋಲ್ ಎನ್ನುತ್ತಾರೆ. ನಾವು ಒಳ ಅಟ್ಟೆ ಎಂದು ಕರೆಯೋಣ. ಈ ಒಳ ಅಟ್ಟೆ ಎರಡು ಕೆಲಸ ಮಾಡಬೇಕು: ಭಾರವನ್ನು ಹಂಚಬೇಕು, ಬೆವರನ್ನು ಹೊರಗೆ ಸಾಗಿಸಬೇಕು. ಈ ಎರಡನ್ನೂ ಮಾಡುವಂಥ ಒಳ ಅಟ್ಟೆಯನ್ನು ನಾವೇ ಮಾಡಿಕೊಳ್ಳಬಹುದು.

ಮೊದಲು ಭಾರದ ಲೆಕ್ಕ ನೋಡಿ. ನೀವು 60 ಕಿಲೋ ತೂಗುತ್ತೀರಿ, ತಲೆಯ ಮೇಲೆ 40 ಕಿಲೋ ಮೂಟೆ ಇದೆ ಅಂತಿಟ್ಟುಕೊಳ್ಳಿ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಗಳಿಗೆ ಒಂದೇ ಕಾಲು ನೆಲದ ಮೇಲಿರುತ್ತದೆ. ಆಗ 100 ಕಿಲೋ ಭಾರವೆಲ್ಲ ಒಂದೇ ಪಾದದ ಮೇಲೆ ಬೀಳುತ್ತದೆ. ಅಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ ಹಿಮ್ಮಡಿ ಮತ್ತು ಬೆರಳುಗಳ ಬುಡ ಮಾತ್ರ ಊರುತ್ತವೆ. ಭಾರ ಹೊರುವ ಜಾಗ 50 ಚದರ ಸೆಂಟಿಮೀಟರು ಇದ್ದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ 2 ಕಿಲೋ ಒತ್ತಡ. ಅಟ್ಟೆ ಮೆತ್ತಗಿದ್ದು ಪಾದದ ನಡುವಣ ಹಳ್ಳಕ್ಕೂ ತಾಗಿದರೆ, ಭಾರ 100 ಚದರ ಸೆಂಟಿಮೀಟರಿಗೆ ಹಂಚಿಹೋಗಿ ಒತ್ತಡ 1 ಕಿಲೋಗೆ ಇಳಿಯುತ್ತದೆ. ಹೊರೆ ಕಡಿಮೆಯಾಗಲಿಲ್ಲ, ಹೊರುವವರು ಹೆಚ್ಚಾದರು ಅಷ್ಟೆ. ಉತ್ತ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಹಿತವಾಗಿರುತ್ತದೆ, ಬಂಡೆಯ ಮೇಲೆ ನಡೆದರೆ ನೋಯುತ್ತದೆ. ಉತ್ತ ಮಣ್ಣು ಪಾದದ ಆಕಾರಕ್ಕೆ ಒಗ್ಗುತ್ತದೆ, ಬಂಡೆ ಒಗ್ಗುವುದಿಲ್ಲ. ಒಳ ಅಟ್ಟೆ ಉತ್ತ ಮಣ್ಣಿನ ಹಾಗಿರಬೇಕು.

ಹಾಗಾದರೆ ಹಾಸಿಗೆಯ ಸ್ಪಂಜನ್ನೇ ಕತ್ತರಿಸಿ ಹಾಕಿದರಾಯಿತಲ್ಲ ಅಂತ ಕೇಳಬಹುದು. ಬೇಡಿ. ಅಂಥ ಸ್ಪಂಜು ಕಾಲಿಟ್ಟ ಕೂಡಲೇ ಅಪ್ಪಚ್ಚಿಯಾಗುತ್ತದೆ, ಇದ್ದೂ ಇಲ್ಲದ ಹಾಗೆ. ಮೇಲಾಗಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಕೂತಿರುತ್ತದೆ. ನಮಗೆ ಬೇಕಾದ್ದು ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಏಳುವ ವಸ್ತು. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೈಕ್ರೋಸೆಲ್ಯುಲರ್ ರಬ್ಬರ್, ಅಂದರೆ ಎಂ.ಸಿ.ಆರ್. ಹಾಳೆ ಇದಕ್ಕೆ ಬಹಳ ಒಳ್ಳೆಯದು. ಚಪ್ಪಲಿಗೆ ಬಳಸುವ ಇ.ವಿ.ಎ. ಹಾಳೆಯಲ್ಲಿ ಮೆತ್ತನೆಯ ಜಾತಿಯೂ ಆದೀತು. ಪರೀಕ್ಷೆ ಸುಲಭ. ಹೆಬ್ಬೆರಳು ತೋರುಬೆರಳಿನ ನಡುವೆ ಹಾಳೆಯನ್ನು ಬಲವಾಗಿ ಅದುಮಿ. ಸುಮಾರು ಅರ್ಧ ದಪ್ಪಕ್ಕೆ ಇಳಿದು, ಬಿಟ್ಟೊಡನೆ ಮೊದಲಿನಂತಾದರೆ ಅದು ಸರಿಯಾದ ಹದ. ಪೂರ್ತಿ ಅಂಟಿಹೋದರೆ ಅತಿ ಮೆತ್ತಗೆ, ಜಗ್ಗದೇ ಇದ್ದರೆ ಅತಿ ಗಟ್ಟಿ.

ಎರಡನೆಯದು ಗಾಳಿ. ಮೈಯಲ್ಲಿ ಬೆವರಿನ ಗ್ರಂಥಿಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಅಂಗಾಲೂ ಒಂದು. ಹಸಿ ಹುಲ್ಲನ್ನು ಒತ್ತಿ ಬಣವೆ ಹಾಕಿದರೆ ಒಳಗೆ ಏನಾಗುತ್ತದೆ? ಕಾವೇರಿ, ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಬೂಟಿನಲ್ಲೂ ಅದೇ ಕಥೆ. ಬೆವರಿನ ಜೊತೆ ಬೆಳೆಯುವ ಬ್ಯಾಕ್ಟೀರಿಯಾದಿಂದ ವಾಸನೆ, ಶಿಲೀಂಧ್ರದಿಂದ ಬೆರಳ ಸಂದಿಯ ಕೆಸರುಹುಣ್ಣು. ನೆನೆದ ಚರ್ಮ ಮೆದುವಾಗಿ, ಉಜ್ಜಿದರೆ ಬೇಗ ಕಿತ್ತು ಗುಳ್ಳೆ ಏಳುತ್ತದೆ.

ಈ ಗಾಳಿಯನ್ನು ಆಡಿಸಲು ಬೇರೆ ಯಂತ್ರ ಬೇಡ, ನಮ್ಮ ಹಿಮ್ಮಡಿಯೇ ಸಾಕು. ಕಮ್ಮಾರನ ತಿದಿ ನೋಡಿದ್ದೀರಲ್ಲ? ಒತ್ತಿದರೆ ಗಾಳಿ ಹೊರಕ್ಕೆ, ಬಿಟ್ಟರೆ ಒಳಕ್ಕೆ. ಒಳ ಅಟ್ಟೆಯ ಅಡಿಭಾಗದಲ್ಲಿ ಹಿಮ್ಮಡಿಯಿಂದ ಬೆರಳಿನ ಕಡೆಗೆ ಸಣ್ಣ ಕಾಲುವೆಗಳನ್ನು ತೆಗೆದು, ಅವುಗಳಿಗೆ ಸೇರುವಂತೆ ತೂತು ಹಾಕಿದರೆ, ಹೆಜ್ಜೆ ಹೆಜ್ಜೆಗೂ ಒಳಗಿನ ಗಾಳಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಆದರೆ ಒಂದು ಮಾತು. ಒಳಗೆ ಓಡಾಡಿದ ಗಾಳಿಗೆ ಹೊರಗೆ ಹೋಗಲು ದಾರಿ ಇರಬೇಕು. ಕ್ಯಾನ್ವಾಸ್ ಬೂಟಿನಲ್ಲಿ, ಚರ್ಮದ ಬೂಟಿನಲ್ಲಿ ಆ ದಾರಿ ಇದೆ. ಗಂಬೂಟಿನಲ್ಲಿ ಮೀನಖಂಡದ ಹತ್ತಿರ ಮಾತ್ರ ಇದೆ. ಆದ್ದರಿಂದ ಗಂಬೂಟು ಹಾಕುವವರು ತೂತನ್ನೇ ನಂಬಿ ಕೂರಬಾರದು. ಒಳ ಅಟ್ಟೆಯನ್ನು ದಿನವೂ ಹೊರಗೆ ತೆಗೆದು ಒಣಗಿಸಲೇಬೇಕು.

ಇನ್ನು ಮಾಡುವ ಕ್ರಮ ಹೇಳುತ್ತೇನೆ. ನಿಮ್ಮೂರಿನ ಬೂಟು ಹೊಲಿಯುವ ಕಸಬುದಾರರ ಜೊತೆ ಕೂತು ಮಾಡಿದರೆ ಇನ್ನೂ ಚೆನ್ನ. ಅವರ ಕೈಯ ಹದ ನಮಗೆ ಬರುವುದಿಲ್ಲ.

ಅಳತೆಯನ್ನು ಸಂಜೆ ತೆಗೆಯಿರಿ, ಸಂಜೆಗೆ ಕಾಲು ಸ್ವಲ್ಪ ಊದಿರುತ್ತದೆ. ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಸಿ. ಎಡಗಾಲು ಬಲಗಾಲು ಎರಡನ್ನೂ ಬೇರೆ ಬೇರೆ ಅಳೆಯಿರಿ, ಇವೆರಡೂ ಒಂದೇ ಸಮ ಇರುವುದು ಅಪರೂಪ. ಆಮೇಲೆ ಬೂಟಿನ ಹಳೆಯ ಒಳ ಅಟ್ಟೆಯನ್ನು ಕಿತ್ತು, ಅದನ್ನು ಈ ಗೆರೆಯ ಮೇಲಿಟ್ಟು ನೋಡಿ. ಪಾದದ ಗೆರೆ ಅಟ್ಟೆಗಿಂತ ದೊಡ್ಡದಾಗಿದ್ದರೆ ಬೂಟೇ ಚಿಕ್ಕದು. ಅದರಲ್ಲಿ ಯಾವ ಒಳ ಅಟ್ಟೆ ಹಾಕಿದರೂ ಸುಖವಿಲ್ಲ. ಉದ್ದನೆಯ ಬೆರಳಿಗೂ ಬೂಟಿನ ಮೂತಿಗೂ ಅರ್ಧ ಅಂಗುಲ ಜಾಗ ಉಳಿಯಬೇಕು.

ಒಳ ಅಟ್ಟೆಗೆ ಎರಡು ಪದರ ಸಾಕು. ಕೆಳಗಿನ ಪದರ 5ರಿಂದ 6 ಮಿಲಿಮೀಟರು ದಪ್ಪದ ರಬ್ಬರ್ ಹಾಳೆ. ಮೇಲಿನ ಪದರ ತೆಳ್ಳನೆಯ ಮೃದು ಚರ್ಮ, ಇಲ್ಲವೇ ಹತ್ತಿ ಬಟ್ಟೆ. ರೆಕ್ಸಿನ್ ಬೇಡ, ಅದು ಬೆವರು ಹೀರುವುದಿಲ್ಲ. ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಬೆವರನ್ನು ಹೀರಿ ಮತ್ತೆ ಬಿಡುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಮೆಟ್ಟಿದವರಿಗೆ ಇದರ ಗುಣ ಗೊತ್ತು. ಚರ್ಮ ಸಿಗದಿದ್ದರೆ ಚಿಂತೆಯಿಲ್ಲ. ನಮ್ಮ ತಾಯಂದಿರು ಕೌದಿ ಹೊಲಿಯುವ ಹಾಗೆ, ಹಳೆಯ ಹತ್ತಿ ಸೀರೆಯ ಮೂರು ನಾಲ್ಕು ಪದರ ಸೇರಿಸಿ ಸಣ್ಣ ಹೊಲಿಗೆ ಹಾಕಿದರೆ ಸೊಗಸಾದ ಮೇಲು ಹಾಸು ಆಗುತ್ತದೆ. ಇದನ್ನು ಅಂಟಿಸದೆ ಬಿಡಿಯಾಗಿಟ್ಟರೆ ತೆಗೆದು ಒಗೆಯಬಹುದು. ಹೊಲಿಗೆಯ ಗಂಟು ಮಾತ್ರ ಪಾದದ ಕಡೆ ಬರಬಾರದು.

ರಬ್ಬರ್ ಹಾಳೆಯ ಅಡಿಯಲ್ಲಿ ಉದ್ದಕ್ಕೂ ಮೂರು ನಾಲ್ಕು ಕಾಲುವೆ ತೆಗೆಯಿರಿ. ಆಳ 2 ಮಿಲಿಮೀಟರು, ಅಗಲ 3 ಮಿಲಿಮೀಟರು ಸಾಕು. ಆಮೇಲೆ ಈ ಕಾಲುವೆಗಳ ಮೇಲೆಯೇ 3 ಮಿಲಿಮೀಟರು ಅಗಲದ ತೂತುಗಳನ್ನು, ಒಂದಕ್ಕೊಂದು ಸುಮಾರು 2 ಸೆಂಟಿಮೀಟರು ಅಂತರದಲ್ಲಿ ಹಾಕಿ. ಎಲ್ಲಿ ಹಾಕಬೇಕೆಂಬುದು ಮುಖ್ಯ. ಬೆರಳುಗಳ ಕೆಳಗೆ ಮತ್ತು ಪಾದದ ಹಳ್ಳದ ಕೆಳಗೆ ಹಾಕಿ. ಹಿಮ್ಮಡಿಯ ನಡುವೆ, ಹೆಬ್ಬೆರಳಿನ ಬುಡದಲ್ಲಿ ಹಾಕಬೇಡಿ. ಅವು ಭಾರ ಹೊರುವ ಜಾಗಗಳು, ಅಲ್ಲಿ ತೂತಿನ ಅಂಚೇ ಒತ್ತುತ್ತದೆ. ಚರ್ಮ ಹಾಸಿದರೆ ಅದಕ್ಕೂ ಅದೇ ಜಾಗದಲ್ಲಿ ತೂತು ಬೇಕು, ಬಟ್ಟೆಗೆ ಬೇಡ.

ಚರ್ಮವನ್ನು ಅಂಟಿಸುವಾಗ ಅಂಚಿಗೆ ಮಾತ್ರ ಒಂದು ಬೆರಳಗಲ ಅಂಟು ಸವರಿ. ಪೂರ್ತಿ ಬಳಿದರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಮೊಳೆಯನ್ನಂತೂ ಎಲ್ಲಿಯೂ ಹೊಡೆಯಬೇಡಿ. ಕೊನೆಗೆ ಮುಂದಿನ ಅಂಚನ್ನು ಇಳಿಜಾರಾಗಿ ಕೆತ್ತಿ, ಬೂಟಿನೊಳಗಿಟ್ಟು, ಕೈಯಾಡಿಸಿ ನೋಡಿ.

ಹೊಸ ಒಳ ಅಟ್ಟೆ ಹಾಕಿದ ದಿನವೇ ಇಡೀ ದಿನ ತೋಟ ತಿರುಗಬೇಡಿ. ಮೊದಲು ಒಂದು ಗಂಟೆ ನಡೆದು, ಬಿಚ್ಚಿ, ಪಾದ ನೋಡಿ. ಎಲ್ಲಾದರೂ ಕೆಂಪಾಗಿದ್ದು ಅರ್ಧ ಗಂಟೆಯಾದರೂ ಮಾಸದಿದ್ದರೆ, ಆ ಜಾಗದಲ್ಲಿ ಅಟ್ಟೆ ಒತ್ತುತ್ತಿದೆ ಎಂದರ್ಥ. ಅಲ್ಲಿ ಕೆತ್ತಿ ಸರಿಮಾಡಿ. ಒಬ್ಬರಿಗೆ ಎರಡು ಜೊತೆ ಒಳ ಅಟ್ಟೆ ಇರಲಿ. ಒಂದು ಕಾಲಲ್ಲಿದ್ದಾಗ ಇನ್ನೊಂದು ನೆರಳಲ್ಲಿ, ಗಾಳಿಯಾಡುವ ಕಡೆ ಒಣಗಲಿ. ಬಿರುಬಿಸಿಲಿಗೆ, ಒಲೆಯ ಪಕ್ಕಕ್ಕೆ ಇಟ್ಟರೆ ಚರ್ಮವೂ ರಬ್ಬರೂ ಗಡುಸಾಗುತ್ತವೆ. ನೆನೆದ ಬೂಟಿಗೆ ರಾತ್ರಿ ಹಳೆಯ ಪತ್ರಿಕೆಯ ಕಾಗದ ತುರುಕಿಟ್ಟರೆ ತೇವ ಎಳೆದುಕೊಳ್ಳುತ್ತದೆ. ತುಳಿದು ತುಳಿದು ಚಪ್ಪಟೆಯಾದ ಅಟ್ಟೆಯನ್ನು ಬದಲಿಸಿ, ಏಳದ ರಬ್ಬರಿನಿಂದ ಪ್ರಯೋಜನವಿಲ್ಲ.

ಔಷಧಿ ಸಿಂಪಡಿಸುವವರಿಗೆ ಬೇರೆಯದೇ ಎಚ್ಚರಿಕೆ. ಕೀಟನಾಶಕ ಬೂಟಿನೊಳಗೆ ಇಳಿದರೆ ಚರ್ಮದ ಅಟ್ಟೆ, ಬಟ್ಟೆಯ ಹಾಸು ಅದನ್ನು ಹೀರಿಕೊಂಡು ದಿನವಿಡೀ ಕಾಲಿಗೆ ಒತ್ತಿ ಹಿಡಿಯುತ್ತವೆ. ವಿಷ ಕುಡಿದ ಚರ್ಮವನ್ನು ತೊಳೆದು ಶುದ್ಧಮಾಡಲು ಆಗುವುದಿಲ್ಲ, ಎಸೆಯಬೇಕು. ಸಿಂಪಡಣೆಗೆ ಬೇರೆ ಗಂಬೂಟು, ಸೋಪಿನಲ್ಲಿ ತೊಳೆಯಬಲ್ಲ ಬರೀ ರಬ್ಬರಿನ ಅಟ್ಟೆ ಇರಲಿ. ಪ್ಯಾಂಟಿನ ಕಾಲನ್ನು ಬೂಟಿನ ಹೊರಗೆ ಬಿಡಿ, ಒಳಗೆ ತುರುಕಿದರೆ ಔಷಧಿ ನೇರ ಒಳಗೇ ಇಳಿಯುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಕಾಲಿನಲ್ಲಿ ನೋವಿದ್ದವನಿಗೆ ನೋವೇ ಕಾವಲುಗಾರ. ಕಲ್ಲು ಒತ್ತಿದರೆ ಕಾಲು ಎತ್ತುತ್ತಾನೆ. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಿಗೆ, ಕುಷ್ಠರೋಗ ಬಂದುಹೋದವರಿಗೆ ಕಾಲಿನ ನರ ಸತ್ತು ಈ ಕಾವಲುಗಾರನೇ ಇಲ್ಲವಾಗಬಹುದು. ಅಂಥವರ ಬೂಟಿನಲ್ಲಿ ಒಂದು ಮೊಳೆ ಎದ್ದಿದ್ದರೂ ಗೊತ್ತಾಗುವುದಿಲ್ಲ. ಗುಳ್ಳೆ ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ಕೊನೆಗೆ ಕಾಲನ್ನೇ ತೆಗೆಯುವ ಹಂತಕ್ಕೆ ಹೋಗುತ್ತದೆ. ಕುಷ್ಠರೋಗಿಗಳ ಪಾದವನ್ನು ರೋಗವೇ ತಿಂದುಹಾಕುತ್ತದೆ ಎಂದು ಹಿಂದೆ ಜನ ನಂಬಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರ್ ಪಾಲ್ ಬ್ರಾಂಡ್ ಮತ್ತು ಅವರ ಸಂಗಡಿಗರು 1950ರ ದಶಕದಲ್ಲಿ ಇದು ಹಾಗಲ್ಲ ಎಂದು ತೋರಿಸಿದರು. ನೋವು ತಿಳಿಯದ ಪಾದದ ಮೇಲೆ ಬೀಳುವ ಒತ್ತಡ ಮತ್ತು ಗಾಯದಿಂದಲೇ ಹುಣ್ಣು ಆಗುತ್ತದೆ ಎಂದು ಕಂಡು, ಒತ್ತಡ ಹಂಚುವ ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ಮಾಡಿಸಿದರು. ನಾನು ಹೇಳಿದ ಎಂ.ಸಿ.ಆರ್. ರಬ್ಬರಿಗೆ ಹೆಸರು ಬಂದದ್ದು ಇಂಥ ಪಾದರಕ್ಷೆಯಿಂದಲೇ.

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇವತ್ತೇ ಈ ಪರೀಕ್ಷೆ ಮಾಡಿ. ಅವರು ಕಣ್ಣು ಮುಚ್ಚಿ ಮಲಗಲಿ. ನೀವು ಎರಡು ಪಾದಗಳಲ್ಲೂ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಿ. ಒತ್ತಬೇಡಿ, ಉಜ್ಜಬೇಡಿ. ಮುಟ್ಟಿದ್ದು ಗೊತ್ತಾದರೆ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಆ ಕಾಲು ಅಪಾಯದಲ್ಲಿದೆ. ಅಂಥವರಿಗೆ ಮನೆಯಲ್ಲಿ ಮಾಡಿದ ಒಳ ಅಟ್ಟೆ ಸಾಲದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಾಲಿಗೆ ತಕ್ಕದ್ದನ್ನು ಅಲ್ಲಿಯೇ ಕೇಳಿ ಮಾಡಿಸಬೇಕು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಎಂ.ಸಿ.ಆರ್. ಪಾದರಕ್ಷೆ ಉಚಿತ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಾಚಿಕೆ ಪಡಬೇಕಾದ್ದು ಇದರಲ್ಲಿ ಏನೂ ಇಲ್ಲ.

ಉಳಿದ ನಾವೆಲ್ಲರೂ ಒಂದು ಅಭ್ಯಾಸ ಬೆಳೆಸಿಕೊಳ್ಳೋಣ. ಬೆಳಿಗ್ಗೆ ಬೂಟು ಹಾಕುವ ಮುಂಚೆ ಬುಡಮೇಲು ಮಾಡಿ ಕೊಡವಿ, ಒಳಗೆ ನೋಡಿ. ಚೇಳು, ಕಲ್ಲು, ಮೊಳೆ ಏನಿದ್ದರೂ ಆಗಲೇ ಸಿಗುತ್ತದೆ. ಸಂಜೆ ಕಾಲು ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಬಗ್ಗಲಾರದ ಹಿರಿಯರಿಗೆ ಮನೆಯ ಮಕ್ಕಳು ನೋಡಿ ಹೇಳಲಿ. ಮುಂಗಾರಿಗೆ ನೇಗಿಲು, ನೊಗ ಸರಿಮಾಡಿಸುವ ಹೊತ್ತಿನಲ್ಲೇ ಮನೆಮಂದಿಯ ಬೂಟುಗಳನ್ನೂ ಒಮ್ಮೆ ಹೊರಗಿಟ್ಟು, ಒಳ ಅಟ್ಟೆಗಳನ್ನು ತೆಗೆದು ನೋಡಿ.