ನೆಗಡಿ ಗುಳಿಗೆಯೊಳಗಿನ ಲೆಕ್ಕ

ತೆಲಂಗಾಣದ ಮದ್ದೂರು, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಯಾವ ಮೆಡಿಕಲ್ ಅಂಗಡಿಗೆ ಹೋಗಿ ಮೂಗು ಕಟ್ಟಿದೆ, ಮೈಕೈ ನೋವು, ಸಣ್ಣಗೆ ಜ್ವರ ಎಂದರೂ ಕೈಗೆ ಸಿಗುವುದು ಹೆಚ್ಚುಕಡಿಮೆ ಒಂದೇ ಬಗೆಯ ಗುಳಿಗೆ. ಪಟ್ಟಿಯ ಮೇಲಿನ ಹೆಸರು, ಬಣ್ಣ ಬೇರೆಬೇರೆ. ಒಳಗಿರುವುದು ಬಹುಮಟ್ಟಿಗೆ ಅದೇ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್, ಸಾಮಾನ್ಯವಾಗಿ 500 ಮಿಲಿಗ್ರಾಂ. ಕಟ್ಟಿದ ಮೂಗು ಬಿಡಿಸಲೆಂದು ಫಿನೈಲೆಫ್ರಿನ್, 5 ಅಥವಾ 10 ಮಿಲಿಗ್ರಾಂ. ಸೀನು ಮತ್ತು ಸೋರುವ ಮೂಗಿಗೆ ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ, ಇಲ್ಲವೆ ಸೆಟಿರಿಜಿನ್. ಕೆಲವದರಲ್ಲಿ ಕೆಫೀನೂ ಉಂಟು. ನೆಗಡಿ ಹಿಡಿದವರಿಗೆ ಇವುಗಳಲ್ಲಿ ಹೆಚ್ಚು ನೆರವಾಗುವುದು ಮೊದಲನೆಯದು. ಮೂಗು ಬಿಡಿಸಲೆಂದು ಸೇರಿಸಿದ್ದು ಹೊಟ್ಟೆಗೆ ಹೋದಾಗ ಕೆಲಸವನ್ನೇ ಮಾಡುವುದಿಲ್ಲ. ಇಷ್ಟೇ ಆಗಿದ್ದರೆ ನಷ್ಟ ಹಣದ್ದು ಮಾತ್ರ ಎನ್ನಬಹುದಿತ್ತು. ಆದರೆ ಹೀಗೆ ಬೆರೆಸಿ ಕೊಟ್ಟಾಗ ಪ್ಯಾರಾಸಿಟಮಾಲ್ ಎಷ್ಟು ಒಳಗೆ ಹೋಯಿತೆಂಬ ಲೆಕ್ಕ ನುಂಗುವವರ ಕೈತಪ್ಪುತ್ತದೆ. ಅಪಾಯ ಹುಟ್ಟುವುದು ಆ ಲೆಕ್ಕ ತಪ್ಪಿದಲ್ಲಿ.

ಮೂಗು ಕಟ್ಟುವುದು ಸಿಂಬಳದಿಂದ ಎಂದು ನಾವು ತಿಳಿಯುತ್ತೇವೆ. ನಿಜಕ್ಕೆ ಹೆಚ್ಚಿನ ಪಾಲು ಮೂಗಿನ ಒಳಪದರದ ರಕ್ತನಾಳಗಳು ಹಿಗ್ಗಿ ಪದರ ಊದಿಕೊಳ್ಳುವುದರಿಂದ ಆಗುವುದು. ಫಿನೈಲೆಫ್ರಿನ್ ಆ ನಾಳಗಳನ್ನು ಕುಗ್ಗಿಸಬಲ್ಲದು. ಮೂಗಿಗೆ ನೇರವಾಗಿ ಹನಿಸಿದರೆ ಕುಗ್ಗಿಸುತ್ತದೆ ಕೂಡ. ಆದರೆ ನುಂಗಿದಾಗ ಕರುಳಿನ ಗೋಡೆ ಮತ್ತು ಲಿವರ್ ಅದನ್ನು ರಕ್ತ ಸೇರುವ ಮೊದಲೇ ಮುರಿದು ಹಾಕುತ್ತವೆ. ಕೆಲಸಕ್ಕೆ ಬರುವ ರೂಪದಲ್ಲಿ ರಕ್ತಕ್ಕೆ ತಲುಪುವುದು ನೂರರಲ್ಲಿ ಒಂದು ಪಾಲೂ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಈ ಸಾಕ್ಷ್ಯವನ್ನೆಲ್ಲ ಮುಂದಿಟ್ಟುಕೊಂಡು ಮತ ಹಾಕಿತು. ಬಾಯಿಂದ ತೆಗೆದುಕೊಂಡ ಫಿನೈಲೆಫ್ರಿನ್ ಮೂಗು ಬಿಡಿಸುವುದಿಲ್ಲ ಎಂದು 16 ಸದಸ್ಯರೂ ಒಮ್ಮತದಿಂದ ಹೇಳಿದರು. 2024ರ ನವೆಂಬರ್‌ನಲ್ಲಿ ಎಫ್‌ಡಿಎ ಅದನ್ನು ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಹೊರಡಿಸಿತು. ಹಾಗಾದರೆ ಇದು ಗುಳಿಗೆಯೊಳಗೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ? ಅಮೆರಿಕದ ಗುಳಿಗೆಗಳಲ್ಲಿ ಮೊದಲು ಆ ಜಾಗದಲ್ಲಿ ಹೆಚ್ಚಾಗಿ ಇದ್ದದ್ದು ಸ್ಯೂಡೋಎಫೆಡ್ರಿನ್. ಅದು ಮೂಗು ಬಿಡಿಸುತ್ತಿತ್ತು. ಆದರೆ ಅದರಿಂದ ಮೆಥಾಂಫೆಟಮಿನ್ ಎಂಬ ಮಾದಕವಸ್ತುವನ್ನು ಕಳ್ಳತನದಲ್ಲಿ ತಯಾರಿಸುವುದು ಹೆಚ್ಚಿ, 2006ರಲ್ಲಿ ಅಮೆರಿಕ ಅದರ ಮಾರಾಟವನ್ನು ಬಿಗಿ ಮಾಡಿತು. ಕಂಪನಿಗಳು ಸುಲಭವಾಗಿ ಮಾರಬಹುದಾದ ಫಿನೈಲೆಫ್ರಿನ್‌ಗೆ ಹೊರಳಿದವು. ಆ ಆಯ್ಕೆ ನಡೆದದ್ದು ಮಾರಾಟದ ಅನುಕೂಲದಿಂದಲೇ ಹೊರತು ರೋಗಿಯ ಮೂಗಿನ ಮೇಲೆ ನಡೆಸಿದ ಪರೀಕ್ಷೆಯಿಂದಲ್ಲ.

ಕೋಟ್ಯಂತರ ಜನ ಈ ಗುಳಿಗೆ ನುಂಗಿ ಆರಾಮ ಪಡೆಯುತ್ತಿದ್ದಾರಲ್ಲ ಎಂಬ ಪ್ರಶ್ನೆ ಸಹಜ. ಆರಾಮ ಸುಳ್ಳಲ್ಲ, ಅದರ ಶ್ರೇಯ ಯಾರಿಗೆ ಸೇರಬೇಕು ಎಂಬುದಷ್ಟೇ ಮಾತು. ಪ್ಯಾರಾಸಿಟಮಾಲ್ ಜ್ವರ ಇಳಿಸಿ ತಲೆನೋವು ತಗ್ಗಿಸುತ್ತದೆ. ಕ್ಲೋರ್‌ಫೆನಿರಮಿನ್ ಸೋರುವುದನ್ನು ಒಂದಿಷ್ಟು ಒಣಗಿಸಿ ನಿದ್ದೆ ತರಿಸುತ್ತದೆ. ಮಿಕ್ಕದ್ದನ್ನು ದೇಹವೇ ಮಾಡಿಕೊಳ್ಳುತ್ತದೆ, ಏಕೆಂದರೆ ನೆಗಡಿ ವಾರದಿಂದ ಹತ್ತು ದಿನದೊಳಗೆ ತಾನೇ ಹೋಗುವ ಕಾಯಿಲೆ. ಮೂರನೆಯ ದಿನ ಗುಳಿಗೆ ನುಂಗಿದವರಿಗೆ ಐದನೆಯ ದಿನ ಹಗುರವಾದರೆ ಹೆಸರು ಗುಳಿಗೆಗೆ ಬರುತ್ತದೆ. ಅದಕ್ಕಾಗಿಯೇ ಸಂಶೋಧಕರು ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟು ಹೋಲಿಸುವುದು. ಅಲರ್ಜಿಯಿಂದ ಮೂಗು ಕಟ್ಟಿದವರ ಮೇಲೆ ನಡೆದ ಅಂಥದೊಂದು ಪ್ರಯೋಗದಲ್ಲಿ ಫಿನೈಲೆಫ್ರಿನ್ ಪ್ರಮಾಣವನ್ನು 10ರಿಂದ 40 ಮಿಲಿಗ್ರಾಂವರೆಗೆ ಏರಿಸಿ ನೋಡಿದರೂ ಔಷಧವಿಲ್ಲದ ಗುಳಿಗೆಗಿಂತ ಅದು ಮೇಲೆನಿಸಲಿಲ್ಲ.

ಕೆಲಸ ಮಾಡದಿದ್ದರೆ ಮಾಡದಿರಲಿ, ಕೆಡುಕೇನು ಮಾಡೀತು ಎಂಬುದು ಮುಂದಿನ ಆಕ್ಷೇಪ. ಆರೋಗ್ಯವಂತರಲ್ಲಿ ಒಂದು ಗುಳಿಗೆ ದೊಡ್ಡ ಕೆಡುಕು ಮಾಡುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೆ 2014ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಒಂದು ಮುಖ್ಯ ಸಂಗತಿ ಕಂಡರು: ಫಿನೈಲೆಫ್ರಿನ್ ಜೊತೆಗೆ ಪ್ಯಾರಾಸಿಟಮಾಲ್ ಕೊಟ್ಟಾಗ ರಕ್ತದಲ್ಲಿ ಫಿನೈಲೆಫ್ರಿನ್‌ನ ಗರಿಷ್ಠ ಮಟ್ಟ ನಾಲ್ಕು ಪಟ್ಟಿನವರೆಗೆ ಏರಿತ್ತು. ಕರುಳಿನ ಗೋಡೆ ಎರಡನ್ನೂ ಒಂದೇ ರಾಸಾಯನಿಕ ದಾರಿಯಲ್ಲಿ ನಿಭಾಯಿಸುತ್ತದೆ. ಪ್ಯಾರಾಸಿಟಮಾಲ್ ಆ ದಾರಿಯನ್ನು ತುಂಬಿದಾಗ ಫಿನೈಲೆಫ್ರಿನ್ ನುಸುಳಿ ಒಳಗೆ ಹೋಗುತ್ತದೆ. ಮೂಗಿಗೆ ಅದರಿಂದ ಲಾಭವಿಲ್ಲ. ಆದರೆ ರಕ್ತನಾಳ ಕುಗ್ಗಿಸುವ ವಸ್ತು ದೇಹದ ತುಂಬ ಹರಡಿದರೆ ಬಿಪಿ ಏರುವ ಸಾಧ್ಯತೆ ಇದ್ದೇ ಇರುತ್ತದೆ. ಬಿಪಿ, ಹೃದಯ, ಥೈರಾಯ್ಡ್, ಪ್ರಾಸ್ಟೇಟ್ ತೊಂದರೆ ಇರುವವರು ಇದನ್ನು ತಾವಾಗಿ ತೆಗೆದುಕೊಳ್ಳಬಾರದು ಎನ್ನುವುದು ಇದಕ್ಕೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದು ತಮಗಿದೆ ಎಂದು ಗೊತ್ತಿಲ್ಲದವರು ಹಳ್ಳಿಗಳಲ್ಲಿ ಎಷ್ಟೋ ಮಂದಿ. ಫಿನೈಲೆಫ್ರಿನ್ ಕುಟುಂಬದ ಇನ್ನೊಂದು ಔಷಧದ ಕಥೆಯೂ ನಮ್ಮೆದುರಿಗಿದೆ. ಫಿನೈಲ್‌ಪ್ರೊಪನೊಲಮಿನ್ ಹಲವು ವರ್ಷ ನೆಗಡಿ ಗುಳಿಗೆಗಳಲ್ಲಿತ್ತು. ಮಿದುಳಿನ ರಕ್ತಸ್ರಾವಕ್ಕೆ ಅದರ ನಂಟಿದೆಯೆಂದು ಯೇಲ್ ವಿಶ್ವವಿದ್ಯಾಲಯದ ಅಧ್ಯಯನ 2000ರಲ್ಲಿ ತೋರಿಸಿದ ಮೇಲೆ ಅಮೆರಿಕ ಅದನ್ನು ಕೈಬಿಟ್ಟಿತು. ಭಾರತ ಸರಕಾರ ನಿಷೇಧದ ಆದೇಶ ಹೊರಡಿಸಿದ್ದು 2011ರಲ್ಲಿ.

ಈಗ ಪ್ಯಾರಾಸಿಟಮಾಲ್ ಕಡೆಗೆ ಬರೋಣ, ಏಕೆಂದರೆ ಜೀವಕ್ಕೆ ಎರವಾಗಬಲ್ಲ ತಪ್ಪು ನಡೆಯುವುದು ಇಲ್ಲೇ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯಲ್ಲಿ 4,000 ಮಿಲಿಗ್ರಾಂ ಅದರ ಮೇರೆ. ಒಂದು ಸಾಮಾನ್ಯ ಸಂದರ್ಭ ನೋಡಿ. ಜ್ವರಕ್ಕೆಂದು ಡೋಲೋ 650 ದಿನಕ್ಕೆ ಮೂರು ಸಲ: 1,950 ಮಿಲಿಗ್ರಾಂ. ಮೂಗಿಗೆಂದು ನೆಗಡಿ ಗುಳಿಗೆ ಮೂರು ಸಲ: 1,500. ಮೈಕೈ ನೋವಿಗೆಂದು ಪದವಿಯಿಲ್ಲದೆ ಊರಿನಲ್ಲಿ ಮದ್ದು ಕೊಡುವ ಆರ್‌ಎಂಪಿ ಡಾಕ್ಟರು ಕೊಟ್ಟ ಅಸಿಕ್ಲೋಫೆನಾಕ್ ಬೆರೆತ ಗುಳಿಗೆ ಎರಡು ಸಲ, ಒಂದೊಂದರಲ್ಲೂ ಪ್ಯಾರಾಸಿಟಮಾಲ್ 325: ಅಂದರೆ 650. ಒಟ್ಟು 4,100. ಈ ವ್ಯಕ್ತಿ ಯಾವುದನ್ನೂ ಅತಿಯಾಗಿ ನುಂಗಲಿಲ್ಲ. ಮೂರನ್ನೂ ಹೇಳಿದಷ್ಟೇ ನುಂಗಿ ಮೇರೆ ದಾಟಿದ. ಬಣ್ಣ ಬೇರೆ, ಹೆಸರು ಬೇರೆ, ಕೊಟ್ಟವರು ಬೇರೆ ಆದ್ದರಿಂದ ಮೂರರೊಳಗೂ ಇದ್ದದ್ದು ಒಂದೇ ಔಷಧ ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಲಿವರ್ ಒಳಗೆ ನಡೆಯುವುದು ಹೀಗೆ: ಪ್ಯಾರಾಸಿಟಮಾಲ್‌ನ ಹೆಚ್ಚಿನ ಭಾಗ ನಿರಪಾಯವಾಗಿ ಹೊರಹೋಗುತ್ತದೆ, ಸಣ್ಣದೊಂದು ಭಾಗ ಮಾತ್ರ ವಿಷಕಾರಿ ವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ರಾಸಾಯನಿಕ ಅದನ್ನು ಹುಟ್ಟಿದಲ್ಲೇ ಹಿಡಿದು ತಣ್ಣಗಾಗಿಸುತ್ತದೆ. ಪ್ರಮಾಣ ಅತಿಯಾದಾಗ ಗ್ಲುಟಾಥಯೋನ್ ಮುಗಿದುಹೋಗಿ ಆ ವಿಷ ಲಿವರ್‌ನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ. ಒಂದು ದಿನ ಮೇರೆಯನ್ನು ಕೂದಲೆಳೆಯಷ್ಟು ದಾಟಿದರೆ ಲಿವರ್ ಕೆಡುವುದಿಲ್ಲ. ಅದೇ ಲೆಕ್ಕ ದಿನದಿಂದ ದಿನಕ್ಕೆ ಮುಂದುವರಿದರೆ, ಅದೂ ಊಟ ಸೇರದೆ ಬಳಲಿದ ದೇಹದಲ್ಲಿ, ಅಪಾಯ ಬೆಳೆಯುತ್ತದೆ. ಊಟ ಕಡಿಮೆಯಾದವರಲ್ಲಿ ಗ್ಲುಟಾಥಯೋನ್ ದಾಸ್ತಾನೇ ಕಡಿಮೆ. ದಿನವೂ ಕುಡಿಯುವವರಲ್ಲಿ ವಿಷ ಹುಟ್ಟಿಸುವ ಕಿಣ್ವ ಹೆಚ್ಚು. 50 ಕಿಲೋಗಿಂತ ತೂಕ ಕಡಿಮೆ ಇರುವವರು, ಕುಡಿತದ ರೂಢಿಯವರು, ಲಿವರ್ ಕಾಯಿಲೆಯವರು 4,000ದ ಮೇರೆಯನ್ನು ತಮ್ಮದೆಂದು ತಿಳಿಯಬಾರದು. ಅವರ ಮೇರೆ ಅದಕ್ಕಿಂತ ಕೆಳಗಿದೆ, ಎಷ್ಟೆಂದು ವೈದ್ಯರನ್ನೇ ಕೇಳಬೇಕು.

ಈ ಸೀಮೆಯಲ್ಲಿ ಕುಡಿತದ ಮಾತಿಗೆ ಇನ್ನೊಂದು ಮುಖವಿದೆ. ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯೊಳಗೆ ಅಲ್ಪ್ರಜೋಲಮ್, ಕ್ಲೋರಲ್ ಹೈಡ್ರೇಟ್‌ನಂಥ ಮಂಪರು ತರಿಸುವ ವಸ್ತುಗಳು ಪತ್ತೆಯಾದ ಪ್ರಕರಣಗಳು ಅನೇಕ. ಈ ಊರುಗಳಿದ್ದ ಹಳೆಯ ಮಹಬೂಬ್‌ನಗರ ಜಿಲ್ಲೆಗೆ ಇದು ಹೊಸ ಸುದ್ದಿಯಲ್ಲ. ನೆಗಡಿ ಗುಳಿಗೆಯ ಕ್ಲೋರ್‌ಫೆನಿರಮಿನ್ ಮಿದುಳಿಗೆ ಸುಲಭವಾಗಿ ಹೋಗಿ ತೂಕಡಿಕೆ ತರುವಂಥದ್ದು. ಎರಡೂ ಸೇರಿದರೆ ಮಂಪರು ಗಾಢವಾಗುತ್ತದೆ, ಉಸಿರಾಟವೂ ನಿಧಾನವಾಗಬಹುದು. ಸಂಜೆ ಸೇಂದಿ ಕುಡಿದು, ಮಲಗುವಾಗ ನೆಗಡಿ ಗುಳಿಗೆ ನುಂಗಿ, ರಾತ್ರಿ ಮೋಟಾರು ಹಾಕಲು ಬೈಕ್ ಹತ್ತುವ ರೈತನಿಗೆ ಇದನ್ನು ಸ್ಪಷ್ಟವಾಗಿ ಹೇಳುವವರು ಬೇಕು.

ಮಕ್ಕಳ ವಿಷಯದಲ್ಲಿ ಚೌಕಾಶಿಗೆ ಎಡೆಯಿಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗೆಂದು ಲೇಬಲ್ ಮೇಲೆ ಬರೆಯಲೇಬೇಕು ಎಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳ ಸಾವಿನೊಂದಿಗೆ ಕೋಲ್ಡ್‌ರಿಫ್ ಎಂಬ ಸಿರಪ್‌ನ ಹೆಸರು ಕೇಳಿಬಂತು. ಪರೀಕ್ಷೆಯಲ್ಲಿ ಅದರೊಳಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ರಾಸಾಯನಿಕ ಭಾರೀ ಪ್ರಮಾಣದಲ್ಲಿ ಸಿಕ್ಕಿತು. ಅದು ಮೂತ್ರಪಿಂಡ ಕೆಡಿಸುವ ವಿಷ. ಅಲ್ಲಿ ಕೊಂದದ್ದು ಕಲಬೆರಕೆ, ನಿಜ. ಆದರೆ ಆ ಸಿರಪ್ ಕೂಡ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್‌ಗಳ ಅದೇ ಮಿಶ್ರಣ, ಪುಟ್ಟ ಮಕ್ಕಳ ನೆಗಡಿಗೆ ಬೇಕಿಲ್ಲದ್ದು. ಮಗುವಿಗೆ ಜ್ವರವಿದ್ದರೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ತೂಕ ನೋಡಿ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯ ಔಷಧ ಬೇಡ, ಆಸ್ಪತ್ರೆಗೆ ಹೋಗಬೇಕು. ಮಕ್ಕಳ ಪ್ಯಾರಾಸಿಟಮಾಲ್ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇದ್ದರೆ, ಸಿರಪ್‌ನಲ್ಲಿ ಅಷ್ಟು ಸಿಗಲು ನಾಲ್ಕು ಮಿಲಿಲೀಟರು ಬೇಕಾಗುತ್ತದೆ. 10 ಕಿಲೋ ತೂಗುವ ಮಗುವಿಗೆ ಸಿರಪ್ ಲೆಕ್ಕದಲ್ಲಿ ಐದು ಮಿಲಿಲೀಟರಿನ ಒಂದು ಚಮಚ ಡ್ರಾಪ್ಸ್ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು, ದೊಡ್ಡವರ ಒಂದು ಗುಳಿಗೆಯಷ್ಟು.

ದಿನಗೂಲಿಯವರು ಹೇಳಬಹುದಾದ ಮಾತಿಗೆ ಉತ್ತರ ಕೊಡದೆ ಈ ವಾದ ಪೂರ್ತಿಯಾಗುವುದಿಲ್ಲ. ಹತ್ತಿ ಬಿಡಿಸಲು, ಇಟ್ಟಿಗೆ ಹೊರಲು ಹೋಗಲೇಬೇಕಾದವರು, ಪುಣೆ ಬೆಂಗಳೂರಿಗೆ ದುಡಿಯಲು ಹೋದವರು ಮಲಗಿ ವಿಶ್ರಮಿಸುವಂತಿಲ್ಲ. ಕಡಿಮೆ ದುಡ್ಡಿಗೆ ಎಲ್ಲಕ್ಕೂ ಒಂದೇ ಗುಳಿಗೆ ಸಿಕ್ಕರೆ ಅದನ್ನು ಬಿಡು ಎನ್ನುವುದು ಹೇಗೆ? ಆದರೆ ಅವರ ಪರವಾಗಿಯೇ ಯೋಚಿಸಿದರೆ ಉತ್ತರ ಇನ್ನೂ ಸ್ಪಷ್ಟ. ಬರೀ ಪ್ಯಾರಾಸಿಟಮಾಲ್ ಮಿಶ್ರಣಕ್ಕಿಂತ ಅಗ್ಗ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ, ತೂಕಡಿಕೆಯನ್ನೂ ತರುವುದಿಲ್ಲ. ಎತ್ತರದ ಸಾರವೆಯ ಮೇಲೆ ನಿಂತು ಕೆಲಸ ಮಾಡುವವರಿಗೆ ಆ ಕೊನೆಯ ಮಾತು ಸಣ್ಣದಲ್ಲ. ಸರಕಾರ ಮಾರಲು ಬಿಟ್ಟಿದೆ ಎಂದ ಮೇಲೆ ಸುರಕ್ಷಿತವೇ ಅಲ್ಲವೇ ಎಂದೂ ಕೇಳಬಹುದು. 2016ರ ಮಾರ್ಚ್‌ನಲ್ಲಿ ಕೇಂದ್ರ 344 ಮಿಶ್ರಣಗಳನ್ನು ಒಮ್ಮೆಗೇ ನಿಷೇಧಿಸಿತು. ನೆಗಡಿ ಜ್ವರದ ಮಿಶ್ರಣಗಳೂ ಅದರಲ್ಲಿದ್ದವು. ಅದೇ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು, ವಿಷಯ ಸುಪ್ರೀಂ ಕೋರ್ಟ್ ತಲುಪಿತು, ಮರುಪರಿಶೀಲನೆಯ ನಂತರ 2018ರಲ್ಲಿ 328 ಮಿಶ್ರಣಗಳ ಮೇಲೆ, 2024ರ ಆಗಸ್ಟ್‌ನಲ್ಲಿ ಇನ್ನೂ 156ರ ಮೇಲೆ ನಿಷೇಧ ಬಂತು. ಒಂದು ಮಿಶ್ರಣ ಇವತ್ತು ಅಂಗಡಿಯಲ್ಲಿದೆ ಎಂಬುದು ಅದು ಪರೀಕ್ಷೆ ಗೆದ್ದಿದೆ ಎಂಬುದಕ್ಕೆ ಪುರಾವೆಯಾಗದು. ಗುಳಿಗೆ ಮಾರುವ ಬಗೆಯೂ ಲೆಕ್ಕಕ್ಕೆ ಮುಖ್ಯ. ಸಾವಿರಕ್ಕಿಂತ ಹೆಚ್ಚು ಜನರಿಲ್ಲದ, ಲೈಸೆನ್ಸ್ ಇರುವ ಔಷಧ ಅಂಗಡಿಯೂ ಇಲ್ಲದ ಹಳ್ಳಿ ತಾಂಡಾಗಳಲ್ಲಿ ಕಿರಾಣಿ ಅಂಗಡಿಯವರು ಪ್ಯಾರಾಸಿಟಮಾಲ್‌ನಂಥ ಕೆಲವು ಮನೆಮದ್ದುಗಳನ್ನು ಮಾರಲು ಔಷಧ ನಿಯಮಗಳ ಕೆ ಅನುಸೂಚಿ ಅವಕಾಶ ಕೊಟ್ಟಿತ್ತು. ಅದರ ಜೊತೆಗಿದ್ದ ಷರತ್ತು ಬಹಳ ಒಳ್ಳೆಯದು: ಕಂಪನಿಯ ಮೂಲ ಪ್ಯಾಕನ್ನು ಒಡೆಯದೆ ಕೊಡಬೇಕು. ಕತ್ತರಿಯಿಂದ ಎರಡೆರಡು ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟಾಗ ಹೆಸರು ಒಂದು ತುಂಡಿಗೆ, ಪ್ರಮಾಣ ಇನ್ನೊಂದಕ್ಕೆ, ತಾರೀಖು ಮತ್ತೊಂದಕ್ಕೆ ಹೋಗುತ್ತದೆ; ಲೆಕ್ಕ ಹಾಕಬೇಕೆಂದವರಿಗೂ ಹಾಕಲು ಏನೂ ಉಳಿಯುವುದಿಲ್ಲ. ಕನ್ನಡ, ತೆಲುಗು, ಉರ್ದು ಮೂರೂ ನಡೆಯುವ ಈ ಊರುಗಳಲ್ಲಿ ಪಟ್ಟಿಯ ಮೇಲಿರುವುದು ಸಣ್ಣ ಇಂಗ್ಲಿಷ್ ಅಕ್ಷರ. ಅದನ್ನು ಓದಬಲ್ಲ ಶಾಲೆಯ ಹುಡುಗಿಯೊಬ್ಬಳು ಮನೆಯಲ್ಲಿದ್ದರೆ, ಪ್ರತಿ ಪಟ್ಟಿಯ ಹಿಂಬದಿಯಲ್ಲಿ ಪ್ಯಾರಾಸಿಟಮಾಲ್ ಎಂಬ ಪದವನ್ನೂ ಅದರ ಮುಂದಿನ ಅಂಕಿಯನ್ನೂ ಹುಡುಕಿಸಿ ಕೂಡಿಸಿಕೊಳ್ಳಬಹುದು.

ಮೂಗಿಗೆ ಬೇರೆ ದಾರಿಗಳಿವೆ. ಉಪ್ಪುನೀರಿನ ಮೂಗಿನ ಹನಿ ಮಕ್ಕಳಿಗೂ ಆಗುತ್ತದೆ. ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ದೊಡ್ಡವರಲ್ಲಿ ನೇರವಾಗಿ ಮೂಗಿನಲ್ಲೇ ಕೆಲಸ ಮಾಡುತ್ತವೆ. ಆದರೆ ಐದು ದಿನ ಮೀರಿ ಹಾಕಿದರೆ ನಿಲ್ಲಿಸಿದೊಡನೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟಬಹುದು. ಬಿಸಿನೀರಿನ ಹಬೆ ಹಿತವೆನಿಸುತ್ತದೆ, ಆದರೆ ಕುದಿಯುವ ಪಾತ್ರೆಯ ಹತ್ತಿರ ಮಗುವನ್ನು ಕೂರಿಸಬಾರದು. ಮಳೆಗಾಲದ ಜ್ವರ ಡೆಂಗಿ ಇದ್ದೀತೆಂಬ ಸಂಶಯವಿದ್ದರೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವದ ಅಪಾಯವಿದೆ. ಆಗಲೂ ಪ್ಯಾರಾಸಿಟಮಾಲ್ ಒಂದೇ. ಜ್ವರ ಮೂರು ದಿನ ದಾಟಿದರೆ, ಉಸಿರು ಹಿಡಿದರೆ, ಎದೆ ನೋವಾದರೆ ಅಂಗಡಿಯ ಗುಳಿಗೆ ಬಿಟ್ಟು ವೈದ್ಯರನ್ನು ಕಾಣಬೇಕು. ಪ್ಯಾರಾಸಿಟಮಾಲ್ ಮೇರೆ ದಾಟಿ ಹೋಯಿತೆಂದು ಗೊತ್ತಾದಾಗ ಮೈ ಚೆನ್ನಾಗಿಯೇ ಇದೆ ಎಂದು ಕಾಯುವುದು ಅತಿ ದೊಡ್ಡ ತಪ್ಪು. ಮೊದಲ ದಿನ ಒಂದಿಷ್ಟು ವಾಂತಿ ಬಿಟ್ಟರೆ ಏನೂ ಕಾಣದೆ ಇರಬಹುದು; ಕಣ್ಣು ಹಳದಿಯಾಗುವ ಹೊತ್ತಿಗೆ ಲಿವರ್ ಆಗಲೇ ಕೆಟ್ಟಿರುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಕಳೆದುಹೋದ ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ, ಅತಿಪ್ರಮಾಣ ನುಂಗಿದ ಎಂಟು ಗಂಟೆಯೊಳಗೆ ಸಿಕ್ಕರೆ ಅದು ಬಹುಪಾಲು ಜನರ ಲಿವರ್ ಉಳಿಸುತ್ತದೆ, ತಡವಾದರೂ ಕೊಡುವುದರಲ್ಲಿ ಉಪಯೋಗವಿದೆ. ಮಕ್ತಲ್, ಗದ್ವಾಲ್ ಕಡೆಯವರು ರಾಯಚೂರಿಗೋ, ಮದ್ದೂರು ಕಡೆಯವರು ಮಹಬೂಬ್‌ನಗರಕ್ಕೋ ಹೊರಡುವಾಗ ನುಂಗಿದ ಎಲ್ಲ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಜೊತೆಗೆ ಒಯ್ದು, ಎಷ್ಟು ಹೊತ್ತಿಗೆ ಎಷ್ಟು ನುಂಗಿದ್ದು ಎಂಬುದನ್ನು ವೈದ್ಯರಿಗೆ ಹೇಳಬೇಕು.