ಚರ್ಮಗಂಟು ರೋಗ: ಗಂಟಿಗಿಂತ ಮೊದಲು ಜ್ವರ ನೋಡ್ರಿ

2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗ ಸೊಳ್ಳೆ, ನೊಣ, ಉಣ್ಣೆಯಿಂದ ಹರಡುತ್ತೆ. ದೇವಸುಗೂರಿನಂಥ ಕೃಷ್ಣಾ ದಂಡೆಯ ಊರಲ್ಲಿ ಮಳೆಗಾಲಕ್ಕೆ ಸೊಳ್ಳೆಗೇನು ಬರ?

ವೈರಸ್ ಒಳಹೊಕ್ಕಾಗ ದೇಹ ಬಿಸಿಯೇರಿ ಹೋರಾಡುತ್ತೆ. ಆಕಳ ಸಹಜ ಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ 105 ದಾಟಬಹುದು. ರೋಗದ ವಿರುದ್ಧ ಹೋರಾಡೋ ಕಣಗಳು ಹೆಚ್ಚಾಗಿ ಭುಜದ ಮುಂದಿನ ಗ್ರಂಥಿ ಊದುತ್ತೆ, ಹಾಲು ಇಳಿಯುತ್ತೆ. ಚರ್ಮದಲ್ಲಿ ಗಂಟು ಏಳೋದು ಸಾಮಾನ್ಯವಾಗಿ ಜ್ವರ ಬಂದ ಎರಡು ದಿನಕ್ಕೆ.

ಹಾಗಾಗಿ ದನ ಮೇವು ಬಿಟ್ಟ ದಿನವೇ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡ್ರಿ. ಜ್ವರ ಇದ್ರೆ ಬೇರೆ ಕಟ್ಟಿ, ಸೊಳ್ಳೆಪರದೆ ಹಾಕಿ, 1962ಕ್ಕೆ ಫೋನ್ ಮಾಡ್ರಿ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲಲ್ಲ. ಗಾಯ ಕೀವಾದ್ರೆ ವೈದ್ಯರೇ ಕೊಡ್ತಾರೆ. ಲಸಿಕೆಯ ಬಲ ಬರಲು ಸುಮಾರು 3 ವಾರ ಬೇಕು. ಮಳೆಗಾಲಕ್ಕೆ ಮೊದಲೇ ಹಾಕಿಸ್ರಿ.