ನಿಮಗಿದು ಗೊತ್ತೆ? ಗುಜರಿಯಿಂದ ಪಾರಾದ ಡೆಲ್ಟಿಕ್‌ಗಳು
ಲಂಡನ್–ಎಡಿನ್‌ಬರೊ ಮಾರ್ಗದಲ್ಲಿ ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡುತ್ತಿದ್ದ ಬ್ರಿಟನ್ನಿನ 'ಡೆಲ್ಟಿಕ್' ಡೀಸೆಲ್ ಲೋಕೋಮೋಟಿವ್‌ಗಳು ತಯಾರಾದದ್ದು 1961–62ರಲ್ಲಿ. ಒಟ್ಟು 22.

● ನೌಕಾಪಡೆಯ ದೋಣಿಗಳಿಗೆಂದು ರೂಪಿಸಿದ ಎಂಜಿನ್‌ಗಳೇ ಇವುಗಳ ಹೊಟ್ಟೆಯಲ್ಲಿದ್ದವು. ಪ್ರತಿ ಲೋಕೋದಲ್ಲಿ ಎರಡು. ಒಟ್ಟು 3,300 ಅಶ್ವಶಕ್ತಿ.

● ಒಂದು ಎಂಜಿನ್‌ಗೆ ತ್ರಿಕೋನಾಕಾರದಲ್ಲಿ ಜೋಡಿಸಿದ 18 ಸಿಲಿಂಡರ್. ಪ್ರತಿ ಸಿಲಿಂಡರ್‌ನಲ್ಲೂ ಎದುರುಬದುರಾಗಿ ಎರಡು ಪಿಸ್ಟನ್.

● 1982ರ ಜನವರಿ 2ರಂದು ಕೊನೆಯ ಓಟ. ಹೆಚ್ಚಿನವು ಗುಜರಿ ಸೇರಿದವು, ಉಳಿದದ್ದು ಆರೇ.

● ಅವುಗಳಲ್ಲಿ ಮೂರನ್ನು ಕೊಂಡು ಉಳಿಸಿದ್ದು 1977ರಲ್ಲಿ ಹುಟ್ಟಿದ ಅಭಿಮಾನಿಗಳ ಸಂಘ 'ಡೆಲ್ಟಿಕ್ ಪ್ರಿಸರ್ವೇಶನ್ ಸೊಸೈಟಿ'. ಡರ್ಬಿಶೈರ್‌ನ ಬ್ಯಾರೋ ಹಿಲ್ ಶೆಡ್‌ನಲ್ಲಿ ಸ್ವಯಂಸೇವಕರೇ ಸ್ಪ್ಯಾನರ್ ಹಿಡಿದು ರಿಪೇರಿಗೆ ಇಳಿಯುತ್ತಾರೆ.

● ಆ ಮೂರರಲ್ಲಿ 'ಅಲಿಸಿಡಾನ್', 'ಟುಲ್ಯಾರ್' ಎಂಬ ಎರಡಕ್ಕೆ ಇಟ್ಟಿರುವುದು ಹೆಸರಾಂತ ರೇಸ್ ಕುದುರೆಗಳ ಹೆಸರು!